ನಾಲ್ಕು ಮೂಲೆಗೂ ಹಸಿ ಜೋಳ

"ಪ್ರಾದೇಶಿಕ ಆರ್ಥಿಕ ಸಹಕಾರ" ಎಂಬ ಮಾತನ್ನು ಯಾರಾದರೂ ನನ್ನೆದುರು ಆಡಿದರೆ ಈಗಲೂ ಮೈ ಉರಿಯುತ್ತದೆ. ಒಂದು ಕಾಲದಲ್ಲಿ ಆ ಮಾತನ್ನು ನಾನೇ ದಿನಕ್ಕೆ ಹತ್ತು ಸಲ ಆಡುತ್ತಿದ್ದೆ. ಅದೂ ಇಂಗ್ಲಿಷಿನಲ್ಲಿ, ಅದೂ ಗೋವಾದ ದಾಬೋಲಿಮ್ ಗುಡ್ಡದ ಮೇಲಿನ ತಗಡಿನ ಮನೆಯೊಳಗೆ ಕೂತು. ಒಮ್ಮೆ ಅವ್ವ, "ಅಂದ್ರ ಏನವಾ ಅದು?" ಎಂದು ಕೇಳಿದಳು. "ನಮ್ಮ ದೇಶದವ್ರು, ಬಾಜೂಕಿನ ದೇಶದವ್ರು ಕೂಡಿ ದುಡಿಯೂದು" ಎಂದೆ. "ಹಂಗಾದ್ರ ಛಂದ ಆತಲ್ಲ" ಎಂದು ಅವ್ವ ಸೂಜಿಗೆ ದಾರ ಪೋಣಿಸಿಕೊಂಡಳು. ಅವಳು ಅಷ್ಟು ಸಲೀಸಾಗಿ ನಂಬಿದ್ದೇ ನನಗೆ ಇವತ್ತು ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ.

ನಾವು ವಿಜಯಪುರದ ಕಡೆಯವರು. ವಿಮಾನ ನಿಲ್ದಾಣದ ಸುತ್ತ ಕಟ್ಟಡದ ಕೆಲಸ ಬೇಕಾದಷ್ಟಿದೆ ಎಂದು ಅಪ್ಪ ಬಂದಿದ್ದ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಸ್ಲ್ಯಾಬಿನ ಮೇಲಿಂದ ಬಿದ್ದು ತೀರಿಹೋದ. ಅವ್ವ ಕೆಲವು ವರ್ಷ ಸಿಮೆಂಟಿನ ಬುಟ್ಟಿ ಹೊತ್ತಳು. ಆಮೇಲೆ ನಮ್ಮ ಓಣಿಯ ಎಂಟು ಹೆಂಗಸರ ಜೊತೆ ಬೋಗ್ಮಾಲೊ ಬೀಚಿಗೆ ಕೌದಿ ಮಾರಲು ಹೊರಟಳು. ಹಳೆಯ ಸೀರೆ, ಹಳೆಯ ಧೋತರ, ದರ್ಜಿಯ ಅಂಗಡಿಯ ತುಂಡುಬಟ್ಟೆ ಎಲ್ಲ ಒಂದರ ಮೇಲೊಂದು ಇಟ್ಟು ಒತ್ತೊತ್ತಾಗಿ ಹೊಲಿದ ಕೌದಿ. ಊರಲ್ಲಿ ಅದನ್ನು ಬಾಣಂತಿಗೆ, ಕೂಸಿಗೆ ಹೊದಿಸುತ್ತಿದ್ದರು. ಇಲ್ಲಿ ಅದನ್ನು ಬಿಳಿಯ ಪ್ರವಾಸಿಗಳ ಮುಂದೆ ಮರಳಿನ ಮೇಲೆ ಹಾಸಬೇಕಾಯಿತು.

ಬೀಚಿನ ಮಾರಾಟ ಅಂದರೆ ಏನೆಂದು ಅಲ್ಲಿ ಚಪ್ಪಲಿ ಬಿಟ್ಟು ನಡೆದವರಿಗೇ ಗೊತ್ತು. ಕಾದ ಮರಳು, ತಲೆಯ ಮೇಲೆ ಒದ್ದೆ ಗಾಳಿ ಕುಡಿದು ಕಲ್ಲಿನಂತಾದ ಗಂಟು. ಬೀಚಿನಿಂದ ಓಡಿಸುವವರು ಬಂದರೆ ಆ ಗಂಟು ಹೊತ್ತೇ ಓಡಬೇಕು. ಅವ್ವನ ಎಡ ಮೊಣಕಾಲು ಅಷ್ಟೊತ್ತಿಗೆ ಬಾತು ನಿಂತಿತ್ತು. ಒಮ್ಮೆ ಅವಳು ಓಡಲಾರದೆ ಕೂತುಬಿಟ್ಟಾಗ, ಅವಳ ಗಂಟನ್ನು ಬಿಚ್ಚಿ ಕೌದಿಗಳನ್ನು ಒಂದೊಂದಾಗಿ ನೀರಿಗೆ ಎಸೆದರಂತೆ. ದಂಡೆಯ ಮೇಲಿನ ಶ್ಯಾಕ್ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬ ನೇಪಾಳಿ ಅಣ್ಣ ಮೊಣಕಾಲುದ್ದ ನೀರಿಗಿಳಿದು ಅಷ್ಟನ್ನೂ ಎತ್ತಿ ತಂದುಕೊಟ್ಟನಂತೆ. ನೆರೆದೇಶದ ಸಹಕಾರ ಅಂತ ನನಗೆ ಗೊತ್ತಿರುವುದು ಅದೊಂದೇ. ಅವನನ್ನು ಯಾರೂ ಯಾವ ವೇದಿಕೆಗೂ ಕರೆಯಲಿಲ್ಲ.

ನಾನು ವಾಸ್ಕೊದಲ್ಲಿ ಬಿ.ಕಾಂ. ಮುಗಿಸಿ ಕುಂಡಯಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದ್ದೆ. ದಿನಾ ಎರಡು ಬಸ್ಸು ಬದಲಿಸಿ ಹೋಗುವಾಗ ಒಂದೇ ಯೋಚನೆ: ಅವ್ವನನ್ನು ಮರಳಿನಿಂದ ಮೇಲೆ ತರಬೇಕು. ಅವಳು ನೆರಳಲ್ಲಿ ಕೂತು ಹೊಲಿಯಬೇಕು, ಗಿರಾಕಿ ತಾನಾಗಿ ಬರಬೇಕು. ಇದಕ್ಕಿಂತ ದೊಡ್ಡ ಆಸೆ ನನಗಿರಲಿಲ್ಲ. ಮುಂದೆ ನಾನು ಮಾಡಿದ್ದೆಲ್ಲ ಇದಕ್ಕಾಗಿಯೇ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ.

ಕಾರ್ಖಾನೆಯ ಮಾಲೀಕರ ಗೆಳೆಯರೊಬ್ಬರ ಮಗ ನೆರೆದೇಶಗಳ ಯುವ ಉದ್ಯಮಿಗಳನ್ನು ಕೂಡಿಸಿ ಸಮ್ಮೇಳನ ನಡೆಸುತ್ತಿದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಯಾವಾಗಲೂ ಸುಕ್ಕಾದ ಬಿಳಿ ಲಿನನ್ ಅಂಗಿ. ಸುಕ್ಕಾದ ಬಟ್ಟೆಯೂ ಶ್ರೀಮಂತಿಕೆ ಎಂದು ನನಗೆ ಗೊತ್ತಾದದ್ದೇ ಅವನಿಂದ. ಸ್ಟೋರಿನಲ್ಲಿ ನನ್ನ ಕುರ್ಚಿಯ ಮೇಲೆ ಮಡಿಸಿಟ್ಟಿದ್ದ ಕೌದಿಯನ್ನು ನೋಡಿ, "ಯಾರು ಮಾಡಿದ್ದು?" ಎಂದ. ನಮ್ಮವ್ವ ಎಂದೆ. ಹದಿನೈದು ದಿನಕ್ಕೆ ಕೊರಳಿಗೆ ಸಮ್ಮೇಳನದ ಹೆಸರಿನ ಪಟ್ಟಿ ಹಾಕಿಕೊಂಡು ಪಣಜಿ ಹತ್ತಿರದ ದೊಡ್ಡ ಹೋಟೆಲಿನೊಳಗೆ ನಿಂತಿದ್ದೆ.

ಅಲ್ಲಿ ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶ, ಭೂತಾನದಿಂದ ಬಂದ ಹುಡುಗ ಹುಡುಗಿಯರು. ಗೋಡೆಯ ಮೇಲೆ ದೊಡ್ಡ ನಕ್ಷೆ, ಒಂದು ದೇಶದಿಂದ ಇನ್ನೊಂದಕ್ಕೆ ಕೆಂಪು ಬಾಣಗಳು. ಎಲ್ಲರ ಅಪ್ಪಂದಿರಿಗೂ ಆಗಲೇ ಒಂದೊಂದು ಕಾರ್ಖಾನೆ ಇತ್ತು. ನನ್ನನ್ನು ಮಾತ್ರ ಆ ಲಿನನ್ ಅಂಗಿಯ ಸಂಘಟಕ, "ಇವಳು ತಳಮಟ್ಟದಿಂದ ಬಂದವಳು" ಎಂದು ಪರಿಚಯಿಸಿದ. ತಳ ಎಂದರೆ ಎಲ್ಲಿ, ಅವನು ನಿಂತ ಜಾಗದಿಂದ ಎಷ್ಟು ಕೆಳಗೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಾಲಿಗೆ ಬಿಗಿಹಿಡಿದುಕೊಂಡೇ ಮೇಲೆ ಹೋಗಬಹುದೆಂದು ನಂಬಿದ್ದ ಕಾಲ ಅದು.

ಮಾತಾಡಲು ನನಗೆ ಮೂರು ನಿಮಿಷ ಕೊಟ್ಟರು. ಬರೆದುಕೊಂಡು ಹೋಗಿದ್ದೆಲ್ಲ ವೇದಿಕೆ ಹತ್ತಿದ ಕೂಡಲೇ ಮರೆತುಹೋಯಿತು. ಏನು ಹೇಳಲಿ ಎಂದು ಕೈಯಲ್ಲಿದ್ದ ಕೌದಿಯ ಮೂಲೆಯನ್ನು ಹಿಸುಕುತ್ತ ನಿಂತಾಗ ಬೆರಳಿಗೆ ಕಾಳು ಸಿಕ್ಕವು. ಅದನ್ನೇ ಹೇಳಿಬಿಟ್ಟೆ. ನಮ್ಮ ಕಡೆ ಕೌದಿಯನ್ನು ಬರಿಹೊಟ್ಟೆಯಲ್ಲಿ ಮುಗಿಸುವುದಿಲ್ಲ. ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚಿಟಿಕೆ ಜೋಳ ಒಳಗಿಡುತ್ತಾರೆ. ಕೌದಿ ಉಪವಾಸ ಇದ್ದರೆ ಹೊದ್ದವರೂ ಉಪವಾಸ ಬೀಳುತ್ತಾರೆ ಎಂಬ ಭಯ. ನನ್ನ ಇಂಗ್ಲಿಷು ಅಲ್ಲಲ್ಲಿ ಮುರಿಯಿತು, ಆದರೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊಲಂಬೊದಿಂದ ಬಂದಿದ್ದ ಒಬ್ಬಳು ಓಡಿ ಬಂದು ತಬ್ಬಿಕೊಂಡಳು. ಕಣ್ಣಲ್ಲಿ ನೀರು. ನಾನೂ ಅತ್ತೆ, ಯಾಕೆಂದು ಗೊತ್ತಿಲ್ಲ.

ಕೊಲಂಬೊದವಳ ಮನೆಯವರದು ಸಿದ್ಧ ಉಡುಪಿನ ಕಾರ್ಖಾನೆ. ಕತ್ತರಿಸಿ ಉಳಿದ ತುಂಡುಗಳನ್ನು ಸುಡುತ್ತಿದ್ದರಂತೆ. ಸುನಾಮಿಯಲ್ಲಿ ಕಡಲು ನುಗ್ಗಿ ಹಾಳಾಗಿದ್ದ ಹೋಟೆಲುಗಳನ್ನು ಅವರ ದಂಡೆಯಲ್ಲಿ ಆಗ ಮತ್ತೆ ಕಟ್ಟುತ್ತಿದ್ದರು. ಊಟದ ಟೇಬಲ್ಲಿನ ಮೇಲೆಯೇ ಮಾತು ಮುಗಿಯಿತು: ಅವಳ ತುಂಡುಬಟ್ಟೆ ಗೋವಾಕ್ಕೆ ಬರಬೇಕು, ನಮ್ಮ ಹೆಂಗಸರು ಹೊಲಿಯಬೇಕು, ತೊಂಬತ್ತು ಕೌದಿ ತಿರುಗಿ ಹೋಗಿ ಆ ಹೋಟೆಲುಗಳ ಹಾಸಿಗೆಯ ಮೇಲೆ ಬೀಳಬೇಕು. ಇದು ಚೆನ್ನಾಗಿ ಹೋದರೆ ವರ್ಷವಿಡೀ ಕೆಲಸ. ಸಂಘಟಕ ನಕ್ಷೆಯ ಮೇಲೆ ಗೋವಾದಿಂದ ಕೊಲಂಬೊಗೆ ಒಂದು ಹೊಸ ಬಾಣ ಬರೆದು ಫೋಟೊ ತೆಗೆಸಿದ.

ಮಳೆಗಾಲ ಹಿಡಿದಿತ್ತು, ಬೀಚು ಖಾಲಿ. ಒಂಬತ್ತು ಹೆಂಗಸರೂ ಬಾಡಿಗೆಗೆ ಹಿಡಿದ ಒಂದು ಉದ್ದನೆಯ ಕೋಣೆಯಲ್ಲಿ ಕೂತು ಹೊಲಿಯಲು ಶುರು ಮಾಡಿದರು. ತಗಡಿನ ಮೇಲೆ ಮಳೆ, ಕೆಳಗೆ ಹಾಡು, ಬೈಗುಳ, ನಗು. ಅವ್ವ ಗೋಡೆಗೆ ಒರಗಿ ಕಾಲು ಚಾಚಿ ಕೂತದ್ದನ್ನು ನಾನು ಅಷ್ಟು ವರ್ಷಗಳಲ್ಲಿ ಮೊದಲ ಸಲ ನೋಡಿದೆ. "ಇಲ್ಲೇ ಸತ್ರೂ ಅಡ್ಡಿಯಿಲ್ಲ ನೋಡ" ಎಂದು ಪಕ್ಕದ ಮನೆಯ ಅಕ್ಕ ನಗುತ್ತ ಹೇಳಿದಳು. ಅಂಥ ಸುಖ ಅದು. ಅದನ್ನು ಕೊಟ್ಟವಳು ನಾನು ಎಂದು ನನ್ನ ಎದೆ ಉಬ್ಬಿತ್ತು, ತಲೆಯೂ ತಿರುಗಿತ್ತು.

ಕೊಲಂಬೊದವಳು ಇಮೇಲ್ ಬರೆದಳು: ಕಾಳಿನ ಕಥೆ ಎಲ್ಲರಿಗೂ ಇಷ್ಟವಾಗಿದೆ, ಅತಿಥಿಗಳ ಬೆರಳಿಗೆ ಅದು ಸಿಗುವಂತಿದ್ದರೆ ಇನ್ನೂ ಚೆನ್ನ. ನಾನು ಸೈಬರ್ ಕೆಫೆಯಿಂದ ನೇರವಾಗಿ ಕೋಣೆಗೆ ಬಂದೆ. ಒಂದು ಮೂಲೆಗಲ್ಲ, ನಾಲ್ಕೂ ಮೂಲೆಗೆ ಜೋಳ ಹಾಕಬೇಕು, ಚಿಟಿಕೆಯಲ್ಲ, ಅರ್ಧ ಹಿಡಿ ಎಂದೆ.

ಅವ್ವ ಸೂಜಿ ನಿಲ್ಲಿಸಿದಳು. "ಅದನ್ನ ತೋರ್ಸಾಕ ಹಾಕೂದಲ್ಲವಾ. ಯಾರೂ ನೋಡ್ಲಾರದಂಗ ಒಂದ ಮೂಲ್ಯಾಗ ಇಡ್ತಾರ, ಅಷ್ಟ."

"ಅವ್ರಿಗೆ ಅದ ಬೇಕಾಗೇತಿ, ಅವ್ವಾ. ಗಿರಾಕಿ ಕೇಳಿದ್ದ ಕೊಡಬೇಕು."

ಅವ್ವ ಒಲೆ ಹಚ್ಚಿ ಹಂಚಿನ ಮೇಲೆ ಜೋಳ ಹುರಿಯಲು ಹೊರಟಳು. ಕೌದಿಗೆ ಹಾಕುವ ಕಾಳನ್ನು ಯಾವಾಗಲೂ ಹುರಿದೇ ಹಾಕುತ್ತಿದ್ದರು. ಆದರೆ ಕೊಲಂಬೊದ ಬಟ್ಟೆ ತೆಳು, ಹಾಲಿನಂಥ ಬಿಳಿ. ಹುರಿದ ಕಾಳು ಒಳಗಿಂದ ಕಪ್ಪಗೆ ಕಾಣುತ್ತಿತ್ತು, ಇಲಿಯ ಹಿಕ್ಕೆಯ ಹಾಗೆ. ನಾನು ಹಂಚನ್ನು ಕೆಳಗಿಳಿಸಿದೆ.

"ಹಸೀದ ಹಾಕ್ರಿ. ಬೆಳ್ಳಗ ಕಾಣತಾವ. ಟೈಮೂ ಉಳೀತದ."

"ಹಸಿ ಕಾಳಿನ್ಯಾಗ ಜೀಂವ ಇರತೈತವಾ," ಎಂದಳು ಅವ್ವ. "ಈ ಮಳಿಯೊಳಗ ಮೊದ್ಲ ಎಲ್ಲಾ ತಂಪ ಹಿಡದೇತಿ. ಬ್ಯಾಡ."

"ಅವ್ವಾ, ನಿನಗ ಇದೆಲ್ಲಾ ತಿಳ್ಯಾಂಗಿಲ್ಲ. ನಾ ಹೇಳಿದಷ್ಟ ಮಾಡು."

ಉಳಿದ ಎಂಟು ಜನರ ಮುಂದೆ ಹಾಗೆ ಅಂದೆ. ಅವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು, ಆಮೇಲೆ ಒಲೆ ಆರಿಸಿದಳು. ಮನೆಯಿಂದ ಜೋಳದ ಚೀಲ ತಂದುಕೊಟ್ಟದ್ದೂ ನಾನೇ, ಅರ್ಧರ್ಧ ಹಿಡಿ ಅಳೆದು ತೋರಿಸಿದ್ದೂ ನಾನೇ. ಪೆಟ್ಟಿಗೆಗಳ ಜೊತೆ ಹೋಗುವ ಕಾಗದದಲ್ಲಿ, ಒಳಗೇನಿದೆ ಎಂಬಲ್ಲಿ, ಪೂರಾ ಹತ್ತಿ ಎಂದು ಬರೆದು ಸಹಿ ಮಾಡಿದೆ. ಕಾಳನ್ನು ಬರೆಯಬೇಕು ಎಂಬ ಯೋಚನೆಯೇ ಬರಲಿಲ್ಲ. ಅದು ನನಗೆ ಅಷ್ಟೊತ್ತಿಗೆ ಕಾಳಾಗಿ ಉಳಿದಿರಲಿಲ್ಲ, ಭಾಷಣದ ಸಾಲಾಗಿತ್ತು.

ಪೆಟ್ಟಿಗೆಗಳು ಹೋದ ಐದು ವಾರಕ್ಕೆ ಕಾರ್ಖಾನೆಗೆ ಫೋನು ಬಂತು. ಕೊಲಂಬೊದವಳು. ದನಿಯಲ್ಲಿ ಹಿಂದಿನ ಸಲುಗೆ ಇರಲಿಲ್ಲ. ಬಂದರಿನ ತಪಾಸಣೆಯಲ್ಲಿ ಪೆಟ್ಟಿಗೆ ತೆರೆದರೆ ನುಸಿ ಮುಸುರಿತ್ತಂತೆ. ಮೂಲೆ ಮೂಲೆಯಿಂದ ಹಿಟ್ಟು ಉದುರುತ್ತಿತ್ತಂತೆ, ಹುಳುಗಳು ಬಟ್ಟೆ ಕೊರೆದು ಹೊರಗೆ ಹರಿದಾಡುತ್ತಿದ್ದವಂತೆ. ತೊಂಬತ್ತನ್ನೂ ಸುಡಬೇಕೆಂದು ಹೇಳಿದ್ದಾರೆ, ಅದೇ ಕಂಟೇನರಿನಲ್ಲಿದ್ದ ಅವಳ ಬೇರೆ ಸರಕನ್ನೂ ತಡೆದಿದ್ದಾರೆ ಎಂದಳು.

"ಆದರೆ ಕಾಳಿನ ವಿಷಯ ನಿನಗೆ ಗೊತ್ತಿತ್ತಲ್ಲ" ಎಂದೆ. "ನೀನೇ ಬೇಕು ಅಂದಿದ್ದೆ."

ಅವಳು, "ಒಂದೆರಡು ಕಾಳು ಇರುತ್ತೆ ಅಂದುಕೊಂಡಿದ್ದೆ. ಅದೊಂದು ಚಂದದ ಕಥೆ ಅಂದುಕೊಂಡಿದ್ದೆ" ಎಂದಳು. ಅವಳ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿರಲಿಲ್ಲ. ಈಗ ಯೋಚಿಸಿದರೆ, ಪಾಪ, ಅವಳು ಖರೇನೇ ಹೇಳಿದ್ದಳು. ನಾನೂ ಅದನ್ನು ಕಥೆಯನ್ನಾಗಿಯೇ ಮಾರಿದ್ದೆ.

ಎರಡೇ ದಿನಕ್ಕೆ ಸಂಘಟಕ ತನ್ನ ಆಫೀಸಿಗೆ ಕರೆಸಿದ. ಕಾಫಿ ತರಿಸಿದ, ಎಸಿ ಹೆಚ್ಚಿಸಿದ. ಒಂದು ಪತ್ರ ಟೈಪಾಗಿ ಸಿದ್ಧವಾಗಿತ್ತು. "ಓದು ಬಾರದ ಕೆಲಸಗಾರ ಹೆಂಗಸರು ತಮ್ಮ ಮೂಢನಂಬಿಕೆಯಿಂದ, ಘಟಕದ ಮುಖ್ಯಸ್ಥೆಯ ಗಮನಕ್ಕೆ ಬಾರದಂತೆ, ಸರಕಿನೊಳಗೆ ಧಾನ್ಯ ಸೇರಿಸಿದ್ದಾರೆ" ಎಂದು ಇಂಗ್ಲಿಷಿನಲ್ಲಿ. ಮುಖ್ಯಸ್ಥೆ ಅಂದರೆ ನಾನು. ನಾಲ್ಕೈದು ತಿಂಗಳ ಹಿಂದೆ ವೇದಿಕೆಯ ಮೇಲೆ ಅದೇ ಕಾಳು ಪರಂಪರೆಯಾಗಿತ್ತು, ಅವನ ಬಣ್ಣದ ಪುಸ್ತಿಕೆಯಲ್ಲಿ ಅದಕ್ಕೊಂದು ಪುಟವಿತ್ತು. ಹುಳ ಬಿದ್ದ ಕೂಡಲೇ ಅದು ಮೂಢನಂಬಿಕೆಯಾಯಿತು.

"ನೀನು ಸಹಿ ಮಾಡಿದರೆ ಇದು ತರಬೇತಿಯ ಸಮಸ್ಯೆ ಅನ್ನಿಸಿಕೊಳ್ಳುತ್ತದೆ" ಎಂದ. "ಹೆಂಗಸರಿಗೆ ಒಂದು ತರಬೇತಿ ಕೊಡಿಸೋಣ, ಎರಡನೆಯ ಆರ್ಡರ್ ಕೇಳೋಣ. ಮಾಡದಿದ್ದರೆ ಮೋಸ ಅನ್ನಿಸಿಕೊಳ್ಳುತ್ತದೆ."

ಮಾಡಿದೆ. ಎರಡನೆಯ ಆರ್ಡರ್ ಬಂದರೆ ಅವ್ವ ಮತ್ತೆ ಗೋಡೆಗೆ ಒರಗಿ ಕೂರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡು ಮಾಡಿದೆ. ಆ ಆರ್ಡರ್ ಎಂದೂ ಬರಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಖರೇ ಹೇಳಬೇಕೆಂದರೆ ಅವ್ವನಿಗಾಗಿ ಅನ್ನುವುದಕ್ಕಿಂತ ಹೆಚ್ಚಾಗಿ ನನಗೆ ಕೊರಳಿನ ಆ ಪಟ್ಟಿ ಬಿಡಲು ಮನಸ್ಸಿರಲಿಲ್ಲ. ಮುಂದಿನ ಸಮ್ಮೇಳನ ಕಾಠ್ಮಂಡುವಿನಲ್ಲಿ ಇತ್ತು, ನನ್ನ ಹೆಸರು ಪಟ್ಟಿಯಲ್ಲಿತ್ತು. ಹೆಂಗಸರಿಗೆ ಮಾತ್ರ, "ಹಡಗಿನ್ಯಾಗ ನೀರು ಹೊಕ್ಕು ಎಲ್ಲಾ ಹಾಳಾತು" ಎಂದು ಹೇಳಿದೆ. ಎಲ್ಲರೂ ಮರುಗಿದರು. ಪಕ್ಕದ ಮನೆಯ ಅಕ್ಕ ನನ್ನ ತಲೆ ಸವರಿ, "ನೀ ಮನಸಿಗೆ ಹಚ್ಚಿಕೋಬ್ಯಾಡ" ಎಂದಳು. ಅವ್ವ ಮಾತ್ರ ಉಳಿದಿದ್ದ ಹಸಿ ಜೋಳದ ಚೀಲದ ಬಾಯಿ ಕಟ್ಟಿ ಮೂಲೆಗೆ ಸರಿಸಿದಳು.

ದಸರೆ ಮುಗಿದ ಮೇಲೆ ತರಬೇತಿ ಇಟ್ಟರು. ವಾಸ್ಕೊದ ಒಂದು ಬಾಡಿಗೆ ಹಾಲ್, ಮುಂಬಯಿಯಿಂದ ಬಂದ ತರಬೇತುದಾರಳು, ಗೋಡೆಗೆ ಬಿಳಿ ಪರದೆ. ಒಂಬತ್ತು ಹೆಂಗಸರೂ ಹಬ್ಬದ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತರು. ಸಂಘಟಕ ಪಕ್ಕದ ಕುರ್ಚಿಯಲ್ಲಿ. ತರಬೇತುದಾರಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ನಾನು ಅವಳ ಬಗಲಿಗೆ ನಿಂತು ಕನ್ನಡದಲ್ಲಿ ಹೇಳಬೇಕು. ಕೈ ತೊಳೆಯಬೇಕು, ಎಲೆ ಅಡಿಕೆ ಉಗುಳಬಾರದು, ಸೂಜಿ ಎಣಿಸಿ ಇಡಬೇಕು. ಹೆಂಗಸರು ಸಣ್ಣ ಮಕ್ಕಳ ಹಾಗೆ "ಹೌದ್ರಿ, ಹೌದ್ರಿ" ಎನ್ನುತ್ತಿದ್ದರು.

ಆಮೇಲೆ ಪರದೆಯ ಮೇಲೆ ಒಂದು ಫೋಟೊ ಬಂತು. ಕೊಲಂಬೊದ ಬಂದರಿನಲ್ಲಿ ತೆಗೆದದ್ದು. ಹರಿದ ಮೂಲೆ, ಹಿಟ್ಟಾದ ಜೋಳ, ಬೆರಳುದ್ದ ಕಾಣುವಂತೆ ದೊಡ್ಡದು ಮಾಡಿದ ಹುಳ. ಹೀಗೆ ಒಂದು ಫೋಟೊ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. "ಒಂದು ಘಟಕದಲ್ಲಿ ಹೆಂಗಸರು ಮಾಲೀಕಳಿಗೆ ಹೇಳದೆ ಒಳಗೆ ಧಾನ್ಯ ಹಾಕಿದರು" ಎಂದಳು ತರಬೇತುದಾರಳು. ನಾನು, "ಒಂದ ಕಡೆ ಹಿಂಗಾತು, ಕೌದಿಗೆ ಹುಳ ಬಿದ್ವು" ಎಂದಷ್ಟೇ ಕನ್ನಡದಲ್ಲಿ ಅಂದೆ. ಆದರೆ ಆ ಮೂಲೆಯ ಕೆಂಪು ಹೊಲಿಗೆಯನ್ನು ಅಲ್ಲಿ ಕೂತವರಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ತಮ್ಮ ಕೈಯ ಹೊಲಿಗೆ.

ಪಕ್ಕದ ಮನೆಯ ಅಕ್ಕ ಎದ್ದಳು. "ಇದು ನಮ್ಮ ಕೌದಿ ಅಲ್ಲೇನ? ಹಡಗಿನ್ಯಾಗ ನೀರು ಹೊಕ್ಕಿತ್ತು ಅಂದಿದ್ಯಲ್ಲ?"

"ಏನಂತೆ?" ಎಂದ ಸಂಘಟಕ. ನಾನು ಬಾಯಿ ಬಿಡಲಿಲ್ಲ. ಅವನಿಗೆ ಅನುಮಾನ ಬಂದಿರಬೇಕು. ನನ್ನನ್ನು ದಾಟಿ, ಗೋವಾದಲ್ಲಿ ಇಷ್ಟು ವರ್ಷ ಕಳೆದ ಎಲ್ಲ ಹೆಂಗಸರಿಗೂ ತಿಳಿಯುವ ಹಿಂದಿಯಲ್ಲಿ ನೇರವಾಗಿ ಕೇಳಿದ: ಹಸಿ ಜೋಳ ಹಾಕಿದ್ದು ಯಾರು? ಹಾಕಲು ಹೇಳಿದ್ದು ಯಾರು?

ಎಂಟು ಮುಖಗಳು ನನ್ನ ಕಡೆ ತಿರುಗಿದವು. ಒಬ್ಬರೂ ಬೆರಳು ತೋರಿಸಲಿಲ್ಲ, ಸುಮ್ಮನೆ ನೋಡಿದರು. ನನಗೆ ಹೇಳಬೇಕೆನಿಸಿತು. ಆಣೆ ಮಾಡಿ ಹೇಳುತ್ತೇನೆ, ಅನಿಸಿತು. ನಾನೇ ಹಾಕಿಸಿದ್ದು ಎನ್ನಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ಇತ್ತು. ನಾನು ನೆಲ ನೋಡುತ್ತ ನಿಂತೆ.

ಅವ್ವ ಕುರ್ಚಿಯ ಬೆನ್ನು ಹಿಡಿದು ಎದ್ದಳು. ಹಿಂದಿ ಬರುತ್ತಿದ್ದರೂ ಕನ್ನಡದಲ್ಲೇ ಮಾತಾಡಿದಳು. "ನಾನ ಹಾಕೀನ್ರಿ. ಈ ಮಂದಿಗೆ ಹಾಕ್ರಿ ಅಂತ ಹೇಳಿದಾಕಿನೂ ನಾನ. ಆಕಿ ಬ್ಯಾಡ ಅಂದಿದ್ಲು, ನಾ ಕೇಳಲಿಲ್ಲ. ತಿಳೀಲಾರದ ಹೆಂಗಸು ನಾನು. ತಪ್ಪಾತ್ರಿ."

ತರಬೇತುದಾರಳು ನನ್ನ ಕಡೆ ನೋಡಿ, ಏನು ಹೇಳುತ್ತಿದ್ದಾರೆ ಎಂದಳು.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಸಾಲಿಗೆ ಸಾಲು, ಒಂದು ಮಾತೂ ಬಿಡದೆ. ತಿಳಿಯಲಾರದ ಹೆಂಗಸು ಎಂಬಲ್ಲಿಯೂ ನನ್ನ ನಾಲಿಗೆ ತೊದಲಲಿಲ್ಲ. ತರಬೇತುದಾರಳು ಇಂಥ ಪ್ರಾಮಾಣಿಕತೆ ಅಪರೂಪ ಎಂದು ಬರೆದುಕೊಂಡಳು, ಸಂಘಟಕ ಚಪ್ಪಾಳೆ ತಟ್ಟಿದ. ಹೆಂಗಸರು ತಟ್ಟಲಿಲ್ಲ.

ಬಸ್ಸಿಳಿದು ಗುಡ್ಡ ಹತ್ತುವಾಗ ಉಳಿದವರೆಲ್ಲ ಬೇಗ ಬೇಗ ಮುಂದೆ ಹೋದರು. ಅವ್ವನ ಜೊತೆ ನಾನೊಬ್ಬಳೇ ಹಿಂದುಳಿದೆ. ಅವಳು ಬಯ್ಯಲಿ, ಒಂದು ಏಟು ಕೊಡಲಿ ಎಂದು ಕಾದೆ. ಅರ್ಧ ಹತ್ತಿದ ಮೇಲೆ ಅವಳು ನಿಂತು ಉಸಿರು ತೆಗೆದುಕೊಂಡಳು.

"ನಾ ಅಂದದ್ದನ್ನ ಅವ್ರಿಗೆ ಬರೋಬ್ಬರಿ ತಿಳಿಸಿದಿ ಇಲ್ಲೋ?"

"ತಿಳಿಸಿದೆ."

"ನಿನ್ನದೇನೂ ತಪ್ಪಿಲ್ಲ ಅನ್ನೂದು?"

"ಅದನ್ನೂ ಹೇಳಿದೆ, ಅವ್ವಾ" ಎಂದೆ.